ರೋಗಿಯ ಪಾತ್ರದಲ್ಲಿ ಮೇವಿಸ್ ಆಂಟಿ

ಮೇವಿಸ್ ಆಂಟಿಗೆ ಹುಬ್ಬುಗಳಿರಲಿಲ್ಲ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಹಾಲಿವುಡ್ಡಿನ ಒಂದು ಸ್ಟುಡಿಯೋದ ಮೇಕಪ್ ಕೋಣೆಯಲ್ಲಿ ಕೂರಿಸಿ ಬೋಳಿಸಿದ್ದರಂತೆ. ಮತ್ತೆ ಮತ್ತೆ ಕಿತ್ತು, ಬೋಳಿಸಿ, ಕೊನೆಗೆ ಅವು ಹುಟ್ಟುವುದನ್ನೇ ಬಿಟ್ಟವು. ಅಂದಿನಿಂದ ತೊಂಬತ್ನಾಲ್ಕನೆಯ ವಯಸ್ಸಿನವರೆಗೆ, ದಿನಾ ಬೆಳಿಗ್ಗೆ ಕಂದು ಪೆನ್ಸಿಲ್ಲಿನಿಂದ ಎರಡು ಹುಬ್ಬು ಬರೆದುಕೊಂಡ ಮೇಲೆಯೇ ಅವರು ಜನರಿಗೆ ಮುಖ ತೋರಿಸುತ್ತಿದ್ದದ್ದು.

ಇದು ನನಗೆ ಗೊತ್ತಿರಲಿಲ್ಲ. ವೆಲ್ಲಿಂಗ್ಟನ್ ಪಕ್ಕದ ಲೋವರ್ ಹಟ್ ಎಂಬ ಊರಿನ ವೃದ್ಧರ ಆರೈಕೆ ಮನೆಯಲ್ಲಿ ನಾನು ಕೆಲಸಕ್ಕೆ ಸೇರಿದ ಎರಡನೆಯ ದಿನ. ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯಿಂದ ಅವರ ಮುಖ ಚೆನ್ನಾಗಿ ಒರೆಸಿ, ಕಾರ್ಡಿಗನ್ ತೊಡಿಸಿ, ಗಾಲಿಕುರ್ಚಿಯಲ್ಲಿ ತಿಂಡಿಯ ಕೋಣೆಗೆ ತಳ್ಳಿಕೊಂಡು ಹೊರಟೆ. ದಾರಿಯುದ್ದಕ್ಕೂ ಅವರು ಹಿಂದಕ್ಕೆ ತಿರುಗಿ ಏನೋ ಹೇಳಲು ನೋಡಿದರು. ನಮ್ಮ ಕಡೆಯ ನರ್ಸುಗಳ ಅಭ್ಯಾಸದಂತೆ ನಾನು ‘ಏನಿಲ್ಲ ಆಂಟಿ, ಏನಿಲ್ಲ’ ಎಂದು ಇಂಗ್ಲಿಷಿನಲ್ಲಿ ಹೇಳುತ್ತ ತಳ್ಳಿದೆ. ತಿಂಡಿ ಮುಗಿಯುವ ತನಕ ಅವರು ಒಂದು ಕಾಗದದ ನ್ಯಾಪ್ಕಿನ್ನನ್ನು ಹಣೆಗೆ ಒತ್ತಿ ಹಿಡಿದುಕೊಂಡೇ ಇದ್ದರು. ಇನ್ನೊಂದು ಕೈಯಲ್ಲಿ ಗಂಜಿ ತಿಂದರು. ತಲೆನೋವಿರಬೇಕು ಎಂದುಕೊಂಡು ನಾನು ಮಾತ್ರೆ ಕೇಳಲು ಓಡಿದೆ. ನನ್ನ ಬುದ್ಧಿಗಿಷ್ಟು!

ಕೋಣೆಗೆ ಮರಳಿದ ಮೇಲೆ ಅವರು ಬೈಯಲಿಲ್ಲ. “ಬಾಗಲಾ ಹಾಕು” ಎಂದರು. ಹಾಕಿದೆ.

“ಇವತ್ತ ನೀ ನನ್ನ ಬತ್ತಲೆ ಮೆರವಣಿಗಿ ಮಾಡಿದಿ, ಹುಡುಗಿ. ನಿನಗ ಗೊತ್ತಿರಲಿಲ್ಲ. ಇನ್ನ ಗೊತ್ತಾತಲ್ಲ? ಆ ಪೆನ್ಸಿಲ್ ತಗೋ.”

ಅವರು ಆಡಿದ್ದು ಇಂಗ್ಲಿಷು, ಅದನ್ನು ಬೇರೆ ಹೇಳಬೇಕಾಗಿಲ್ಲ. ಆದರೆ ನಾನು ಗದಗಿನವಳು. ಅವರ ಮಾತನ್ನು ನಮ್ಮೂರಿನ ಕನ್ನಡದಲ್ಲಿ ಬರೆದರೆ ಮಾತ್ರ ಅವರ ದನಿ ನನಗೆ ಕೇಳಿಸುತ್ತದೆ. ಪುಸ್ತಕದ ಕನ್ನಡದಲ್ಲಿ ಬರೆದು ನೋಡಿದೆ. ಯಾರೋ ಹೆಡ್‌ಮೇಡಂ ಮಾತಾಡಿದಂತಾಯಿತು. ಅದಕ್ಕೆ ಹೀಗೆ. ಓದುವವರು ಹೊಂದಿಸಿಕೊಳ್ಳಬೇಕು.

ಅವರು ಹುಟ್ಟಿದ್ದು ಅಲ್ಲೇ ಪಕ್ಕದ ಪೆಟೋನಿನಲ್ಲಿ. ತಂದೆ ಉಣ್ಣೆಯ ಗೋದಾಮಿನಲ್ಲಿ ಮೂಟೆ ಹೊರುವವರು. ಸೌಂದರ್ಯ ಸ್ಪರ್ಧೆಯೊಂದರಲ್ಲಿ ಗೆದ್ದ ಮೇವಿಸ್ ಹಾಬ್ಸ್ ಎಂಬ ಹುಡುಗಿಯನ್ನು ಯಾರೋ ಏಜೆಂಟ್ ಅಮೆರಿಕದ ಹಡಗು ಹತ್ತಿಸಿದ. ಆ ಹೆಸರು ಅಡುಗೆಯವಳ ಹೆಸರಿನಂತಿದೆ ಎಂದು ಸ್ಟುಡಿಯೋದವರು ಒಂದೇ ಮಧ್ಯಾಹ್ನದಲ್ಲಿ ಅವಳನ್ನು ಲೆನೋರ್ ಮಾರ್ಚ್ ಮಾಡಿದರು. ಹೆಸರು ಹೋಯಿತು, ಹುಬ್ಬು ಹೋದವು, ಕೆನ್ನೆ ಒಳಸರಿದು ಕಾಣಲಿ ಎಂದು ಎರಡು ದವಡೆ ಹಲ್ಲುಗಳೂ ಹೋದವು. ಏಳು ವರ್ಷದ ಕರಾರು. ಏನು ತಿನ್ನಬೇಕು, ಯಾರ ಜೊತೆ ಊಟಕ್ಕೆ ಹೋಗಿ ಫೋಟೋ ತೆಗೆಸಿಕೊಳ್ಳಬೇಕು ಎಲ್ಲವೂ ಅವರದೇ ಅಪ್ಪಣೆ. ಹನ್ನೊಂದು ಚಿತ್ರಗಳು. ಒಂದರಲ್ಲಿ ಮಾತ್ರ ನಾಯಕಿ, ಅದು ಓಡಲಿಲ್ಲ. ನಾಲ್ಕರಲ್ಲಿ ನರ್ಸ್.

“ನಾಕು ಪಿಚ್ಚರಿನ್ಯಾಗ ನರ್ಸ್ ಆಗೇನಿ, ಒಬ್ಬ ಪೇಶಂಟೂ ಉಳೀಲಿಲ್ಲ” ಎಂದು ನನ್ನನ್ನು ಛೇಡಿಸುತ್ತಿದ್ದರು. “ಥರ್ಮಾಮೀಟರ್ ಬೆಳಕಿಗೆ ಹಿಡದು ನೋಡ್ತಿದ್ದೆ. ಅದರಾಗ ಏನ ಬರದಿತ್ತೋ ದೇವರಿಗೇ ಗೊತ್ತು. ನನಗ ಹೇಳಿದ್ದು ಇಷ್ಟ, ಗದ್ದ ಸ್ವಲ್ಪ ಮ್ಯಾಲೆ ಎತ್ತು ಅಂತ.”

ಯಾವ ಕೋಣೆಗೆ ಕರೆದುಕೊಂಡು ಹೋದರೂ ಬೆಳಕು ಎಲ್ಲಿಂದ ಬೀಳುತ್ತಿದೆ ಎಂದು ಅವರ ಮುಖಕ್ಕೆ ತಾನಾಗಿ ತಿಳಿಯುತ್ತಿತ್ತು. ಗಾಲಿಕುರ್ಚಿಯನ್ನು ನಾನು ಎಲ್ಲೋ ನಿಲ್ಲಿಸಿದರೆ, “ಎರಡ ಗೇಣು ಎಡಕ್ಕ” ಎನ್ನುವರು. ಸರಿಸಿದರೆ ನಿಜಕ್ಕೂ ಇಪ್ಪತ್ತು ವರ್ಷ ಚಿಕ್ಕವರಾಗಿ ಕಾಣುತ್ತಿದ್ದರು. ರಕ್ತ ತೆಗೆಯಲು ಬಂದವರ ಮುಂದೆಯೂ ಅದೇ ಠೀವಿ. ಹಳೆಯ ಫೋಟೋಗಳನ್ನು ಮಾತ್ರ ಗೋಡೆಗೆ ಹಾಕಲು ಬಿಡುತ್ತಿರಲಿಲ್ಲ. “ಆಕಿ ಬ್ಯಾರೆ ಹೆಣ್ಣುಮಗಳು. ಆಕಿ ಜೋಡಿ ನನ್ನ ಮಾತುಕತಿ ಇಲ್ಲ” ಎನ್ನುತ್ತಿದ್ದರು.

ನನ್ನ ಎದೆಯ ಮೇಲಿನ ಬ್ಯಾಡ್ಜಿನಲ್ಲಿ ‘ಅನ್ನಾ’ ಎಂದಿತ್ತು. ಅನ್ನಪೂರ್ಣಾ ಎಂದರೆ ಇಲ್ಲಿಯವರಿಗೆ ನಾಲಿಗೆ ಹೊರಳುವುದಿಲ್ಲ ಎಂದು ನಾನೇ ಕತ್ತರಿಸಿಕೊಂಡಿದ್ದೆ. ಅವರು ಪೂರ್ತಿ ಹೆಸರು ಕೇಳಿ, ಮೂರು ದಿನ ಬಾಯಿಪಾಠ ಮಾಡಿ, ನಾಲ್ಕನೆಯ ದಿನ ತಿಂಡಿಯ ಕೋಣೆಯಲ್ಲಿ ಎಲ್ಲರೆದುರು ಗಟ್ಟಿಯಾಗಿ ಕೂಗಿದರು. ಈ ದೇಶದಲ್ಲಿ ನನ್ನ ಹೆಸರು ಇಡಿಯಾಗಿ ಕೇಳಿಸಿದ್ದು ಅದೇ ಮೊದಲು. ನಾನಂತೂ ಅವರನ್ನು ಬರಿಯ ‘ಮೇವಿಸ್’ ಎಂದು ಕರೆಯಲಾಗದೆ, ಎಲ್ಲರೂ ನಕ್ಕರೂ ‘ಮೇವಿಸ್ ಆಂಟಿ’ ಎಂದೇ ಕರೆದೆ. ತೊಂಬತ್ತು ದಾಟಿದವರನ್ನು ಹೆಸರು ಹಿಡಿದು ಕೂಗಿದರೆ ಗದಗಿನಲ್ಲಿರುವ ನನ್ನ ಅವ್ವನಿಗೆ ಇಲ್ಲಿಂದಲೇ ಕೇಳಿಸೀತು ಎಂಬ ಹೆದರಿಕೆ.

ಈಗ ನನ್ನ ಕತೆ ಸ್ವಲ್ಪ ಹೇಳಬೇಕು. ಹುಬ್ಬಳ್ಳಿಯ ಆಸ್ಪತ್ರೆಯೊಂದರ ಐಸಿಯುನಲ್ಲಿ ಒಂಬತ್ತು ವರ್ಷ ನರ್ಸಾಗಿದ್ದವಳು ನಾನು. ಆದರೆ ಇಲ್ಲಿ ನರ್ಸ್ ಎಂದು ನೋಂದಣಿಯಾಗಬೇಕಾದರೆ ಪರೀಕ್ಷೆ ಪಾಸಾಗಬೇಕು. ಅಲ್ಲಿಯವರೆಗೆ ಮೈ ಒರೆಸುವ, ಊಟ ಮಾಡಿಸುವ ಆರೈಕೆಯ ಕೆಲಸ. ಪರೀಕ್ಷೆ ನಡೆಯುವುದು ಕ್ರೈಸ್ಟ್‌ಚರ್ಚಿನಲ್ಲಿ. ಸಾಲಾಗಿ ಕೋಣೆಗಳು. ಒಂದೊಂದರಲ್ಲೂ ಒಬ್ಬರು ರೋಗಿಯ ಪಾತ್ರ ಹಾಕಿಕೊಂಡು ಮಲಗಿರುತ್ತಾರೆ, ಮೂಲೆಯಲ್ಲಿ ಪರೀಕ್ಷಕರು. ನಾವು ಒಳಗೆ ಹೋಗಿ ಆ ರೋಗಿಯನ್ನು ನಿಜದ ರೋಗಿಯಂತೆ ನೋಡಿಕೊಳ್ಳಬೇಕು.

ನಾನು ಫೇಲಾದೆ. ಸೂಜಿ, ಔಷಧಿ, ಲೆಕ್ಕ ಯಾವುದರಲ್ಲೂ ಅಲ್ಲ. ಎದೆನೋವಿನ ರೋಗಿಯಾಗಿ ಮಲಗಿದ್ದ ಹೆಂಗಸು ನನ್ನ ಕೈ ಹಿಡಿದು, ನಾನು ಸಾಯುತ್ತೇನೆಯೇ ಎಂದು ಕೇಳಿದಳು. ನಾನು ಅವಳ ಭುಜ ತಟ್ಟಿ, ‘ಏನಿಲ್ಲ ಆಂಟಿ, ಏನೂ ಆಗುವುದಿಲ್ಲ, ಚಿಂತೆ ಮಾಡಬೇಡಿ’ ಎಂದುಬಿಟ್ಟೆ. ಮೂಲೆಯಲ್ಲಿ ಪೆನ್ನು ಓಡಿದ ಸದ್ದಾಯಿತು. ಹುಬ್ಬಳ್ಳಿಯಲ್ಲಿ ಈ ಮಾತಿಗೆ ರೋಗಿಯ ಕಡೆಯವರು ಕೈಮುಗಿಯುತ್ತಿದ್ದರು. ಇಲ್ಲಿ ಅದಕ್ಕೆ ಸುಳ್ಳು ಭರವಸೆ ಎಂದು ಹೆಸರು.

ನನ್ನ ವೀಸಾ ಮುಗಿಯುವುದರೊಳಗೆ ಇನ್ನೊಂದು ಸಲ ಮಾತ್ರ ಪರೀಕ್ಷೆಗೆ ಕೂರಬಹುದಿತ್ತು. ಅದೂ ಹೋದರೆ ನಾನು, ನನ್ನ ಗಂಡ ಮಹಾಂತೇಶ, ಎಂಟು ವರ್ಷದ ಮಗಳು ಮೂವರೂ ಗಂಟುಮೂಟೆ ಕಟ್ಟಬೇಕು. ಮಹಾಂತೇಶ ಬಾಯಲ್ಲಿ “ಆದದ್ದಾತು ಬಿಡು” ಎನ್ನುತ್ತಿದ್ದ. ಆದರೆ ರೈಲಿನಲ್ಲಿ ವೆಲ್ಲಿಂಗ್ಟನ್ನಿನ ಆಫೀಸಿನಿಂದ ಮರಳುವವನು, ಎರಡು ದಿನ ತನ್ನ ಸ್ಟೇಷನ್ ಬಿಟ್ಟು ಮುಂದೆ ಹೋಗಿ ವಾಪಸ್ ಬಂದಿದ್ದ. ಅಷ್ಟು ಚಿಂತೆ.

ಅಳು ಬರುತ್ತಿದ್ದ ಒಂದು ಬೆಳಿಗ್ಗೆ ನಾನು ಬರೆದ ಹುಬ್ಬು ಸೊಟ್ಟಗಾಯಿತು. ಮೇವಿಸ್ ಆಂಟಿ ಬಿಡದೆ ಎಲ್ಲವನ್ನೂ ಕೇಳಿ ತಿಳಿದುಕೊಂಡರು. ನಾನು ಫೇಲಾದದ್ದಕ್ಕೆ ಅಯ್ಯೋ ಪಾಪ ಅನ್ನಲಿಲ್ಲ. ಅವರ ಮೊದಲನೆಯ ಪ್ರಶ್ನೆ ಇದು:

“ಆ ಪೇಶಂಟಿನ ಪಾರ್ಟು ಮಾಡಿದಾಕಿ, ಹೆಂಗ ಮಾಡಿದ್ಲು?”

“ಚಲೋ ಮಾಡಿದ್ರು ಆಂಟಿ. ನನಗ ಖರೇನ ಅನಿಸ್ತು.”

“ಖರೇ ಅನಿಸಿದ್ರ ಆಕಿಗೆ ಸುಳ್ಳ ಯಾಕ ಹೇಳಿದಿ?”

ನನಗೆ ಸಿಟ್ಟು ಬಂತು. ಮೂರು ಗಂಟೆಗೆ ನನ್ನ ಪಾಳಿ ಮುಗಿಯುತ್ತದೆ ಎಂದು ಅವರಿಗೆ ಗೊತ್ತಿತ್ತು. “ಮೂರಕ್ಕ ಬಾ. ನಾ ಪೇಶಂಟ್ ಆಗ್ತೀನಿ. ಎಪ್ಪತ್ತ ವರ್ಷ ಆತು, ಯಾರೂ ನನಗ ಪಾರ್ಟ್ ಕೊಟ್ಟಿಲ್ಲ” ಎಂದರು.

ಹೀಗೆ ಶುರುವಾಯಿತು. ನಮ್ಮ ಪಾಳಿಯ ನರ್ಸ್ ಲವೀನಾ ಮಂಗಳೂರಿನವಳು, ಮೊದಲು “ಎಂತ ಮಾರಾಯ್ತಿ, ಅಜ್ಜಿಯ ಹತ್ತಿರ ಪರೀಕ್ಷೆಗೆ ಓದುವುದಾ ನೀನು?” ಎಂದು ನಕ್ಕಳು. ಆಮೇಲೆ ಅವಳೇ ಪರೀಕ್ಷೆಯ ಹಳೆಯ ಪ್ರಶ್ನೆಗಳನ್ನು ಬರೆದುಕೊಟ್ಟಳು. ಮೇವಿಸ್ ಆಂಟಿ ಅವನ್ನು ಬೆಳಿಗ್ಗೆ ಓದಿಸಿಕೊಂಡು, ಮಧ್ಯಾಹ್ನ ಮಲಗುವ ಬದಲು ಪಾತ್ರ ಕಟ್ಟುತ್ತಿದ್ದರು. ಒಂದು ದಿನ ಸಕ್ಕರೆ ಕಾಯಿಲೆಯ ಹಟಮಾರಿ ರೈತ, ಒಂದು ದಿನ ಕಾಲು ಮುರಿದುಕೊಂಡ ಟೀಚರು. ರೈತನಾದಾಗ ಆ ಸಣ್ಣ ಮೈಯೊಳಗಿಂದ ಎಂಥ ದಪ್ಪ ದನಿ ಬಂತು ಅಂತೀರಿ! ಕಾಲುನೋವಿನ ಟೀಚರಾದ ದಿನ ಅವರು ನಿಜಕ್ಕೂ ಬಿಳಿಚಿಕೊಂಡದ್ದನ್ನು ನೋಡಿ ನಾನು ಪುಸ್ತಕ ಬಿಸಾಡಿ ನಾಡಿ ಹಿಡಿದಿದ್ದೆ. ಒಂದೇ ಕಣ್ಣು ತೆರೆದು, “ಈಗ ನೀ ನನ್ನ ನೋಡಿದಿ. ಇಲ್ಲೀ ತನಕ ಬರೇ ಹಾಸಗಿ ನೋಡಾಕತ್ತಿದ್ದಿ” ಎಂದರು.

ಅದು ಖರೆ. ನಾನು ಕೋಣೆಗೆ ಕಾಲಿಡುತ್ತಲೇ ಮೊದಲು ಚಾದರ ಜಗ್ಗಿ ನೆಟ್ಟಗೆ ಮಾಡುತ್ತಿದ್ದೆ. ಹುಬ್ಬಳ್ಳಿಯಲ್ಲಿ ಮೇಟ್ರನ್ ರೌಂಡ್ಸಿಗೆ ಬರುವಾಗ ಹಾಸಿಗೆಯಲ್ಲಿ ಒಂದು ಸುಕ್ಕಿರಬಾರದು ಎಂದು ಕಲಿತ ಕೈ ಅದು. ರೋಗಿಯ ಬದಲು ಪಕ್ಕದಲ್ಲಿ ನಿಂತವರ ಹತ್ತಿರ ಮಾತಾಡುತ್ತಿದ್ದೆ. ಇವನ್ನೆಲ್ಲ ಮೂರು ವಾರದಲ್ಲಿ ತಿದ್ದಿಕೊಂಡೆ. ತಿದ್ದದೆ ಉಳಿದದ್ದು ‘ಏನಿಲ್ಲ’. ಅದು ನನ್ನ ಬಾಯಿಂದ ಉಸಿರಿನ ಜೊತೆಗೇ ಬರುತ್ತಿತ್ತು. ನೋವಾಗುತ್ತಿದೆ ಎಂದರೆ ಏನಿಲ್ಲ, ಭಯವಾಗುತ್ತಿದೆ ಎಂದರೆ ಏನಿಲ್ಲ.

ಒಂದು ದಿನ ನಾನೂ ರೇಗಿದೆ. “ಆಂಟಿ, ನಮ್ಮ ಕಡೆ ಇದು ಸುಳ್ಳಲ್ಲ. ಇದು ಧೈರ್ಯ ಹೇಳೂದು. ಜೀವ ಹೋಗೂ ಮನಷ್ಯಾಗ ನೀ ಹೊಂಟಿ ಅಂತ ಮುಖದ ಮ್ಯಾಲೆ ಹೇಳಾಕ ಯಾರಿಗೆ ಮನಸ ಬರತೈತಿ?”

ಅವರು ಸಿಟ್ಟಾಗಲಿಲ್ಲ. ಕಿಟಕಿಯ ಕಡೆ ತಿರುಗಿಸಲು ಹೇಳಿ, ಮೆಲ್ಲಗೆ ಮಾತು ಶುರುಮಾಡಿದರು. ಆರನೆಯ ಚಿತ್ರದ ಹೊತ್ತಿಗೆ ಹೊಟ್ಟೆನೋವು ಬಂದಿತ್ತಂತೆ. ಸ್ಟುಡಿಯೋದ ಡಾಕ್ಟರು ಇಂಜೆಕ್ಷನ್ ಕೊಟ್ಟು, ಏನಿಲ್ಲ ಎಂದು ದೀಪಗಳ ಕೆಳಗೆ ಕುಣಿಯಲು ಕಳಿಸಿದರು. ಎರಡು ದಿನ ಕುಣಿದು ಮೂರನೆಯ ದಿನ ಬಿದ್ದರು. ಆಪರೇಷನ್ ಆಯಿತು. ಏನು ತೆಗೆದಿರಿ ಎಂದು ಕೇಳಿದರೆ ಡಾಕ್ಟರು ಗಲ್ಲ ತಟ್ಟಿ ಮತ್ತೆ ಅದನ್ನೇ ಹೇಳಿದರು. ಕರಾರು ಮುಗಿದು, ಊರಿಗೆ ಮರಳಿ, ರೈಲ್ವೆ ವರ್ಕ್‌ಶಾಪಿನ ಫಿಟ್ಟರ್ ಆಲ್ಫ್ ಎಂಬುವರನ್ನು ಮದುವೆಯಾಗಿ ಎರಡು ವರ್ಷವಾದರೂ ಮಕ್ಕಳಾಗಲಿಲ್ಲ. ವೆಲ್ಲಿಂಗ್ಟನ್ನಿನ ಒಬ್ಬ ಡಾಕ್ಟರಿಗೆ ತೋರಿಸಿದಾಗ ಗೊತ್ತಾಯಿತು: ಅವರ ಗರ್ಭಕೋಶವೇ ಇರಲಿಲ್ಲ.

“ತಿಂಗಳದ್ದು ನಿಂತಾಗ ಕೇಳಿದ್ದೆ. ಔಷಧದ್ದು, ಸಣಕಲ ಆಗೀದಿ, ಅದಕ್ಕ ಅಂದ್ರು. ನಾ ನಂಬಿದೆ. ಅವರು ನನ್ನ ಹೊಟ್ಟಿ ಒಳಗಿಂದು ತಗೊಂಡ್ರು, ಅದನ್ನ ನನಗ ಹೇಳಲಿಲ್ಲ. ತಗೊಂಡದ್ದಕ್ಕಿಂತ ಹೇಳದ ಇದ್ದದ್ದಕ್ಕ ನನಗ ಸಿಟ್ಟು.”

ನನಗೆ ನಮ್ಮ ಅಪ್ಪನ ನೆನಪಾಯಿತು. ಗದಗಿನ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು. ನಾನೇ ಕೆಲಸ ಮಾಡುತ್ತಿದ್ದ ಆಸ್ಪತ್ರೆಯಲ್ಲಿ ಮಲಗಿ, “ಅನ್ನವ್ವಾ, ನಂದು ಮುಗೀತೇನು?” ಎಂದು ಕೇಳಿದರು. ವರದಿ ನನ್ನ ಕೈಯಲ್ಲೇ ಇತ್ತು. ‘ಏನಿಲ್ಲಪ್ಪ, ಸೋಮವಾರ ಮನೀಗೆ ಬಿಡತಾರ’ ಎಂದೆ. ಭಾನುವಾರ ಹೋದರು. ಹದಿನಾಲ್ಕು ವರ್ಷ ಮಾತು ಬಿಟ್ಟಿದ್ದ ಅವರ ತಂಗಿ, ನಮ್ಮ ಸೋದರತ್ತೆ, ಹೆಣದ ಮುಂದೆ ಕೂತು ನನ್ನನ್ನೇ ನೋಡುತ್ತಿದ್ದಳು. ಗೊತ್ತಿದ್ದರೆ ಅಪ್ಪ ಅವಳನ್ನು ಕರೆಸುತ್ತಿದ್ದರೋ ಏನೋ. ಅವತ್ತು ಮೇವಿಸ್ ಆಂಟಿಯ ಹತ್ತಿರ ಇದನ್ನೆಲ್ಲ ಹೇಳಿ ಅತ್ತೆ. ಅವರು ನನಗೆ ಸಮಾಧಾನ ಹೇಳಲಿಲ್ಲ. ಕೈಗೆ ಟಿಶ್ಯೂ ಡಬ್ಬಿ ಕೊಟ್ಟು, ನಾನು ಮುಗಿಸುವ ತನಕ ಕಾದರು.

ಪರೀಕ್ಷೆಗೆ ಹತ್ತು ದಿನವಿತ್ತು. ಅಷ್ಟರಲ್ಲಿ ಅವರ ಊಟ ಕಡಿಮೆಯಾಗಿತ್ತು, ಕಾರ್ಡಿಗನ್ ಹೆಗಲಿನಿಂದ ಜಾರುತ್ತಿತ್ತು. ಡಾಕ್ಟರು ಬಂದು ರಕ್ತ ತೆಗೆಸಿ ಹೋಗಿದ್ದರು. ಗುರುವಾರ ಮತ್ತೆ ಬಂದು ಅವರ ಜೊತೆ ಮಾತಾಡುವುದು ಎಂದಾಗಿತ್ತು. ಲವೀನಾಳ ಮುಖ ನೋಡಿ ನನಗೆ ಅರ್ಥವಾಯಿತು. ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಮಂಗಳವಾರ ಮೂರು ಗಂಟೆಗೆ ಅವರ ಕೋಣೆಗೆ ಹೋದೆ. ಬಾಗಿಲು ತಟ್ಟಿ, ಒಳಗೆ ಬಂದು, ಕೈಗೆ ಸ್ಯಾನಿಟೈಜರ್ ಹಚ್ಚಿಕೊಂಡು, ಹಾಸಿಗೆಯ ಪಕ್ಕದ ಕುರ್ಚಿಯಲ್ಲಿ ಕುಳಿತೆ. ನಮ್ಮ ಪಾಠದಲ್ಲಿ ಎಲ್ಲವೂ ಹೀಗೆಯೇ. ನನ್ನ ಹೆಸರು ಹೇಳಿ, ಇವತ್ತು ಹೇಗಿದ್ದೀರಿ ಎಂದು ಕೇಳಿದೆ.

“ನಾ ಸಾಯಾಕತ್ತೀನೇನು?”

ಉತ್ತರ ಬಾಯಿಪಾಠವಾಗಿತ್ತು. ಹೇಳಲು ಬಾಯಿ ತೆರೆದವಳು ಅವರ ಕಣ್ಣು ನೋಡಿದೆ. ಕಣ್ಣಿನ ಬಿಳುಪು ಅರಿಶಿನವಾಗಿತ್ತು. ಯಾವ ನಟಿಗೂ ಅದನ್ನು ಮಾಡಿ ತೋರಿಸಲು ಬರುವುದಿಲ್ಲ. ಪಾಠ ನಿಂತುಹೋಗಿದೆ, ಈ ಹೆಂಗಸು ನನ್ನನ್ನು ಕೇಳುತ್ತಿದ್ದಾರೆ ಎಂದು ತಿಳಿಯಿತು. ಏನಿಲ್ಲ ಎನ್ನುವ ಮಾತು ಗಂಟಲಿನವರೆಗೂ ಬಂದಿತ್ತು. ಅದನ್ನು ನುಂಗಲು ನನಗೆ ಎಷ್ಟು ಕಷ್ಟವಾಯಿತೆಂದು ಯಾರಿಗೂ ಹೇಳಿ ತಿಳಿಸಲಾರೆ.

“ಆಂಟಿ, ನನಗ ರಿಪೋರ್ಟ್ ಗೊತ್ತಿಲ್ಲ. ಗುರುವಾರ ಡಾಕ್ಟರ್ ಹೇಳ್ತಾರ. ಈಗ ಬೇಕಂದ್ರ ಲವೀನಾ ಸಿಸ್ಟರ್‌ನ ಕರೀತೀನಿ. ಆದ್ರ ನೀವು ನನ್ನ ಕೇಳೀರಿ. ನಿಮ್ಮ ಕಣ್ಣ ಹಳದಿ ಆಗ್ಯಾವ, ತೂಕ ಇಳದೈತಿ. ನನಗೂ ಹಂಗ ಅನಿಸಾಕತ್ತೈತಿ.”

ಅವರು ಉಸಿರು ಬಿಟ್ಟರು. ಮುಖದ ಬಿಗಿ ಸಡಿಲವಾಯಿತು. ನಾನು ಚಾದರ ಮುಟ್ಟಲಿಲ್ಲ.

“ಹಂಗಾರ ಒಂದ ಮಾತು ಹೇಳಿ ಹೋಗ್ತೀನಿ” ಎಂದರು. “ಆ ವೆಲ್ಲಿಂಗ್ಟನ್ ಡಾಕ್ಟರ್ ಹತ್ರ ನಾ ಒಬ್ಬಾಕಿನ ಒಳಗ ಹೋಗಿದ್ದೆ. ಹೊರಗ ಆಲ್ಫ್ ಬೆಂಚಿನ ಮ್ಯಾಲ ಕುಂತಿದ್ದ. ಡಾಕ್ಟರ್ ಏನಂದ್ರು ಅಂತ ಕೇಳಿದ. ನಾ ಏನಿಲ್ಲ ಅಂದೆ. ಏನೂ ತೊಂದ್ರಿ ಇಲ್ಲ ಅಂತ, ಆಗತಾವ ಮಕ್ಕಳು ಅಂದೆ. ನಲವತ್ತಮೂರ ವರ್ಷ ಸಂಸಾರ ಮಾಡಿದ್ವಿ. ತನ್ನದ ದೋಷ ಅಂತ ತಿಳಕೊಂಡ ಸತ್ತ ಆ ಮನಷ್ಯಾ. ಅಕ್ಕಪಕ್ಕದ ಹುಡುಗೂರಿಗೆ ಸೈಕಲ್ ರಿಪೇರಿ ಮಾಡಿಕೊಡೂ ಮುಂದ ನನ್ನ ಕಡೆ ನೋಡ್ತಿದ್ದ, ತಪ್ಪು ಮಾಡಿದವರ ಹಂಗ. ಆಗ ಸೈತ ನಾ ಹೇಳಲಿಲ್ಲ.”

ಆ ಸ್ಟುಡಿಯೋದವರ ಮೇಲೆ ಅವರಿಗಿದ್ದ ಸಿಟ್ಟಿನಲ್ಲಿ ಅರ್ಧ ತಮ್ಮ ಮೇಲೆಯೇ ಇತ್ತೆಂದು ನನಗೆ ಆಗ ತಿಳಿಯಿತು. ಆಲ್ಫ್ ಅವರಿಗೆ ಗೊತ್ತಿತ್ತೋ ಏನೋ, ಅವರು ಕ್ಷಮಿಸಿರುತ್ತಾರೆ ಎಂದು ಹೇಳಬೇಕೆನಿಸಿತು. ಆದರೆ ಅದೂ ಏನಿಲ್ಲ ಎಂದಂತೆಯೇ. ಗೊತ್ತಿಲ್ಲದ್ದನ್ನು ನಾನು ಹೇಗೆ ಹೇಳಲಿ? “ಹೇಳಿದ್ದು ಚಲೋ ಆತು ಆಂಟಿ” ಎಂದೆ. ಅವರು ತಲೆಯಾಡಿಸಿ, ಆಮೇಲೆ ಹ್ಯಾಮಿಲ್ಟನ್ನಿನಲ್ಲಿರುವ ಆಲ್ಫ್ ಅವರ ತಮ್ಮನ ಮಗನಿಗೆ ಫೋನ್ ಮಾಡಿಸಿದರು. ಗುರುವಾರ ಡಾಕ್ಟರು ಹೇಳಿದ್ದೂ ಅದನ್ನೇ. ಶನಿವಾರವೇ ಅವನು ಕಾರು ಓಡಿಸಿಕೊಂಡು ಬಂದ. ಬಾಗಿಲು ಹಾಕಿಕೊಂಡು ಎರಡು ಗಂಟೆ ಮಾತಾಡಿದರು. ಹೊರಗೆ ಬಂದಾಗ ಅವನ ಕಣ್ಣು ಕೆಂಪಾಗಿದ್ದವು. ನನ್ನ ಕೈ ಕುಲುಕಿ ಹೋದ.

ಆಮೇಲೆ ಅವರಿಗೆ ಪಾತ್ರ ಮಾಡಲು ಶಕ್ತಿಯಿರಲಿಲ್ಲ. ಮೂರು ಗಂಟೆಗೆ ಹೋಗಿ ಪಕ್ಕದಲ್ಲಿ ಕೂರುತ್ತಿದ್ದೆ. ಕ್ರೈಸ್ಟ್‌ಚರ್ಚಿಗೆ ಹೊರಡುವ ಮುನ್ನಾದಿನ ಅವರು ಹೇಳಿದ್ದು ಇಷ್ಟೇ: “ಬಾಗಲದಾಗ ನಿಂತು ಮೊದಲ ಆಕೀನ ನೋಡು. ಆಮ್ಯಾಲೆ ಒಳಗ ಹೋಗು.”

ಹಾಗೆಯೇ ಮಾಡಿದೆ. ಎಂಟು ಕೋಣೆಗಳಲ್ಲಿ ಏಳು ಚೆನ್ನಾಗಿ ಹೋದವು ಎಂದುಕೊಂಡೆ. ಒಂದರಲ್ಲಿ ಗಾಬರಿಯಾಗಿ ಅಲರ್ಜಿ ಕೇಳುವುದನ್ನು ಮರೆತೆ. ಔಷಧಿ ಕೈಯಲ್ಲಿ ಹಿಡಿದ ಮೇಲೆ ನೆನಪಾಗಿ ಕೇಳಿದೆ. ಅದನ್ನು ಅವರು ಹೇಗೆ ಎಣಿಸಿದರೋ ತಿಳಿಯುವಂತಿರಲಿಲ್ಲ. ಫಲಿತಾಂಶ ಬರಲು ವಾರಗಳು ಬೇಕು ಎಂದರು.

ವಾಪಸ್ ಬಂದ ಮರುದಿನ, ರಜೆಯಿದ್ದರೂ, ಬೆಳಿಗ್ಗೆಯೇ ಹೋದೆ. ಮೇವಿಸ್ ಆಂಟಿ ಬಹಳ ಇಳಿದುಹೋಗಿದ್ದರು. ಲವೀನಾ ಬಾಗಿಲ ಹೊರಗೇ ನನ್ನ ಕೈ ಹಿಡಿದು, “ಇವತ್ತು ನಾಳೆ ಅಷ್ಟೆ. ನಿನ್ನನ್ನೇ ಕೇಳ್ತಾ ಇದ್ದರು. ಪಾಸಾದೆ ಅಂತ ಹೇಳಿಬಿಡು ಮಾರಾಯ್ತಿ, ಖುಷಿಯಲ್ಲಿ ಹೋಗಲಿ” ಎಂದು ಪಿಸುಗುಟ್ಟಿದಳು. ಅವಳೂ ನಮ್ಮವಳೇ ತಾನೇ.

ಬಾಗಿಲಲ್ಲಿ ನಿಂತು ನೋಡಿದೆ. ಅವರೂ ನನ್ನನ್ನು ನೋಡಿದರು. ಕುಳಿತ ಮೇಲೆ ತುಟಿ ಅಲ್ಲಾಡಿತು. ಬಗ್ಗಿ ಕಿವಿ ಕೊಟ್ಟೆ.

“ಪಾಸಾದೇನು?”

ಹೌದು ಅನ್ನಲು ಎಷ್ಟು ಹೊತ್ತು ಬೇಕು? ಒಂದು ಮಾತು. ಆ ಮುಖ ಅರಳುವುದನ್ನು ನೋಡಲು ನಾನು ಏನು ಬೇಕಾದರೂ ಕೊಡುತ್ತಿದ್ದೆ.

“ಗೊತ್ತಿಲ್ಲ ಆಂಟಿ. ಇನ್ನೂ ಬಂದಿಲ್ಲ. ಒಂದು ಕೋಣ್ಯಾಗ ತಪ್ಪು ಮಾಡೇನಿ.”

ಅವರ ಬೆರಳು ನನ್ನ ಬೆರಳನ್ನು ಒತ್ತಿತು. “ಹಂಗಾರ ಕಾಯೂಣು” ಎಂದರು.

ಮರುದಿನ ಮಧ್ಯಾಹ್ನ ತೀರಿಕೊಂಡರು. ನಾನೇ ಅವರ ಮೈ ತೊಳೆದೆ.

ಇಮೇಲ್ ಬಂದದ್ದು ಮೂರು ವಾರದ ಮೇಲೆ, ಊಟದ ಬಿಡುವಿನಲ್ಲಿ. ಪಾಸಾಗಿದ್ದೆ. ಮಹಾಂತೇಶನಿಗೆ ಫೋನ್ ಮಾಡುವುದನ್ನೂ ಮರೆತು ಕಾರಿಡಾರಿನಲ್ಲಿ ಓಡಿ, ಅವರ ಕೋಣೆಯ ಬಾಗಿಲು ತಳ್ಳಿದೆ. ಒಳಗೆ ಹೊಸದಾಗಿ ಬಂದ ಒಬ್ಬ ಅಜ್ಜ ಕಾಲುಚೀಲ ಹುಡುಕುತ್ತಿದ್ದರು. ಹುಡುಕಿಕೊಟ್ಟು, ಹಾಕಿ, ಹೊರಗೆ ಬಂದೆ.

ಈಗಲೂ ಅದನ್ನು ನೆನೆದರೆ ನನಗೆ ತಡೆಯಲಾಗುವುದಿಲ್ಲ. ಅವತ್ತು ನಾನು ಹೌದು ಎಂದುಬಿಟ್ಟಿದ್ದರೆ, ಅದು ಸುಳ್ಳೂ ಆಗುತ್ತಿರಲಿಲ್ಲ.